ಇಲಿರಾಯನ ಹೆಂಡತಿ ಸೀನಿದ ಕಥೆ

ಇಲಿರಾಯನ ಹೆಂಡತಿ ಒಮ್ಮೆ ಸೀನಿದಾಗ ತಿರುವಿನಲ್ಲಿ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಡ್ರೈವರು ಇಳಿದು ನಾಲ್ಕೂ ಟೈರು ಒದ್ದು ನೋಡಿದ, ಯಾವುದೂ ಒಡೆದಿರಲಿಲ್ಲ. ಎರಡನೆಯ ಸೀನಿಗೆ ಎದುರುಮನೆಯ ಮಹಡಿಯ ಮೇಲೆ ಒಣಹಾಕಿದ್ದ ಪ್ಯಾಂಟೊಂದು ಹಾರಿ ಪೋಸ್ಟಾಫೀಸಿನೊಳಗೆ ಹೋಗಿ ಕ್ಯೂನಲ್ಲಿ ನಿಂತಿತು. ಹಿಂದಿದ್ದವರು ‘ಮುಂದೆ ಸರೀರಿ’ ಎಂದಾಗ ಸರಿಯಿತಂತೆ. ಮೂರನೆಯ ಸೀನನ್ನು ಅವಳು ಮೂಗು ಹಿಡಿದು ತಡೆದುಕೊಂಡಳು. ತಡೆಯದೆ ಹೋಗಿದ್ದರೆ ಈ ಊರು ಈಗ ಎಲ್ಲಿರುತ್ತಿತ್ತೋ ಹೇಳುವವರಿಲ್ಲ.

ಇದೆಲ್ಲ ಇಲಿರಾಯನೇ ಹೇಳಿದ್ದು. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆಯೇ ಹೆಸರಿತ್ತು. ಅದನ್ನು ಯಾರಾದರೂ ಕೂಗಿದರೆ ಅವನೂ ಉಳಿದವರ ಜೊತೆ ಹಿಂತಿರುಗಿ ಯಾರನ್ನು ಕರೆದರೆಂದು ನೋಡುತ್ತಿದ್ದ. ಮಿದುಳಿನ ಸಂಶೋಧನೆ ನಡೆಯುವ ಆ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಪಂಜರದ ಮರದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿಯ ಮೂತಿ ಕಟ್ಟಿದೆಯೇ ನೋಡಬೇಕು, ಒಂದೊಂದನ್ನೂ ಎತ್ತಿ ತಕ್ಕಡಿಯಲ್ಲಿ ಕೂರಿಸಿ ತೂಗಬೇಕು. ಅಲ್ಲಿ ಕಿಟಕಿಯಿಲ್ಲ. ಹಗಲು ರಾತ್ರಿ ಎರಡೂ ಗೋಡೆಯ ಮೇಲಿನ ಒಂದು ಗುಂಡಿ ಹೇಳಿದಂತೆ ಕೇಳುತ್ತವೆ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಝಣಝಣಿಸುತ್ತ ಅವನು ನಡೆದು ಬಂದರೆ ಅರಮನೆಯ ಯಜಮಾನ ಬಂದಂತಿರುತ್ತಿತ್ತು. ಹಾಗಾಗಿ ಇಲಿಗಳ ಜೊತೆಗೆ ‘ರಾಯ’ ಎಂಬ ಬಿರುದೂ ಅಂಟಿಕೊಂಡಿತು.

ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಆಗ ಮಗಳು ನಾಲ್ಕು ವರ್ಷದ ಕೂಸು. ತಟ್ಟೆಯ ಮುಂದೆ ಕೂತು ‘ಅಮ್ಮ ಬರಲಿ, ಆಮೇಲೆ ಉಣ್ತೀನಿ’ ಎಂದು ಹಟ ಹಿಡಿಯುತ್ತಿತ್ತು. ಒಂದು ದಿನ ದಿಕ್ಕು ತೋಚದೆ ಇಲಿರಾಯ, ‘ನಿಮ್ಮಮ್ಮ ಸೀನಿದರೆ ಬಸ್ಸು ನಿಲ್ತಿತ್ತು, ಗೊತ್ತಾ?’ ಎಂದುಬಿಟ್ಟ. ಕೂಸು ಅಳು ನಿಲ್ಲಿಸಿ ಬಾಯಿ ತೆರೆಯಿತು. ತೆರೆದ ಬಾಯಿಗೆ ಅವನು ತುತ್ತಿಟ್ಟ. ಮರುದಿನದ ಊಟಕ್ಕೆ ಬಸ್ಸು ಸಾಲಲಿಲ್ಲ, ಪ್ಯಾಂಟು ಹಾರಬೇಕಾಯಿತು. ಹಾಗೆ ತುತ್ತಿಗೊಂದು ರೆಕ್ಕೆ, ತುತ್ತಿಗೊಂದು ಪುಕ್ಕ ಕಟ್ಟಿಕೊಂಡು ಆ ಸೀನು ಬೆಳೆಯಿತು. ಮಗಳೂ ಬೆಳೆದಳು. ಆಮೇಲೆ ಅವನು ಅದನ್ನೇ ಆಫೀಸಿನ ಚಹಾದ ಹೊತ್ತಿಗೂ ಹೇಳತೊಡಗಿದ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಎಲ್ಲರೂ ನಗುವಷ್ಟು ಹೊತ್ತು ಅವಳು ಅಲ್ಲೇ ಎಲ್ಲೋ ಬಾಗಿಲ ಹಿಂದೆ ನಿಂತಂತೆ ಅವನಿಗೆ ಅನ್ನಿಸುತ್ತಿತ್ತು.

ಮಗಳು ಈಗ ಮದುವೆಯಾಗಿ ಅದೇ ಊರಿನಲ್ಲಿದ್ದಳು. ಮಕ್ಕಳ ಬೂಟಿನ ಅಂಗಡಿಯಲ್ಲಿ ಕೆಲಸ. ಊರಿನ ಅರ್ಧ ಮಕ್ಕಳ ಪಾದ ಅವಳಿಗೆ ಪರಿಚಯ, ಮುಖ ಮಾತ್ರ ಗೊತ್ತಾಗುವುದಿಲ್ಲ ಎಂದು ಇಲಿರಾಯ ಹೇಳುತ್ತಿದ್ದ. ಒಂದು ಶನಿವಾರ ಮಧ್ಯಾಹ್ನ ಅವನು ಅಂಗಡಿಗೆ ಹೋದಾಗ ಅವಳು ಗಿಡ್ಡ ಸ್ಟೂಲಿನ ಮೇಲೆ ಕೂತು ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದಳು. ಗಿರಾಕಿಗಳಿರಲಿಲ್ಲ.

“ಅಪ್ಪ, ನಿನ್ನೆ ನಿನ್ನ ಮೊಮ್ಮಗಳು ಅಜ್ಜಿ ಹೇಗಿದ್ರು ಅಂತ ಕೇಳಿದಳು.”

“ಸೀನಿನ ಕಥೆ ಹೇಳಬೇಕಿತ್ತು.”

“ಹೇಳಿದೆ. ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ, ‘ನಿಜವಾಗ್ಲೂ ಹೇಗಿದ್ರು?’ ಅಂದಳು.”

“ಏನಂದೆ?”

“ಏನಂತ ಹೇಳಲಿ? ನಂಗೆ ಅಮ್ಮನ ಮುಖ ಗೊತ್ತಿರೋದು ಫೋಟೋದಿಂದ. ಉಳಿದಿದ್ದೆಲ್ಲ ನಿನ್ನ ಬಾಯಿಂದ.” ಅವಳು ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟಳು. “ಒಂದು ಹೇಳಪ್ಪ. ಒಂದೇ ಒಂದು. ಉಪ್ಪು ಖಾರ ಹಚ್ಚದೆ. ಅಮ್ಮ ಇದ್ದ ಹಾಗೆ, ಇದ್ದಷ್ಟು.”

“ಅದಕ್ಕೇನು ಬರಗಾಲವೇ? ನಿಮ್ಮಮ್ಮ ಅಡುಗೆಮನೆಗೆ ಕಾಲಿಟ್ಟರೆ ಪಾತ್ರೆಗಳೆಲ್ಲ ಎದ್ದು ನಿಂತು—”

“ಅಪ್ಪಾ.”

“ಸರಿ ಸರಿ. ಸೀನ್ತಿದ್ದಳು. ಅದು ನಿಜ.”

“ಹೇಗೆ ಸೀನ್ತಿದ್ದಳು? ಜೋರಾಗಾ, ಮೆಲ್ಲಗಾ? ಕೈ ಅಡ್ಡ ಇಡ್ತಿದ್ದಳಾ?”

ಇಲಿರಾಯ ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಪೋಸ್ಟಾಫೀಸಿನ ಕ್ಯೂನಲ್ಲಿ ನಿಂತ ಪ್ಯಾಂಟು ಅವನ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕಂದು ಬಣ್ಣ, ಮೊಣಕಾಲಿನ ಹತ್ತಿರ ಇಸ್ತ್ರಿಯ ಮಡಿಕೆ, ಬಲಜೇಬು ಸ್ವಲ್ಪ ಹೊರಗೆ ಬಂದಿದೆ. ಬಸ್ಸಿನ ಡ್ರೈವರನ ಮೀಸೆ ಕಂಡಿತು. ಅವಳ ಮೂಗು ಕಾಣಲಿಲ್ಲ. ಇಲ್ಲದಿದ್ದ ಪ್ಯಾಂಟಿನ ಜೇಬು ಕಾಣುತ್ತದೆ, ಇದ್ದ ಹೆಂಡತಿಯ ಮೂಗು ಕಾಣುವುದಿಲ್ಲ.

“ಯೋಚನೆ ಮಾಡಿ ಹೇಳ್ತೀನಿ ಪುಟ್ಟಿ” ಎಂದ.

“ಹೆಂಡತಿ ಬಗ್ಗೆ ಹೇಳೋಕೆ ಯೋಚನೆ ಬೇಕಾ?” ಎಂದು ಅವಳು ಕೇಳಿದಳು. ಜಗಳದ ದನಿಯೇನಲ್ಲ. ಆದರೂ ಮನೆಗೆ ಬರುವಷ್ಟರಲ್ಲಿ ಆ ಮಾತಿಗೆ ಇಲಿರಾಯನಿಗಿಂತ ಹೆಚ್ಚು ತೂಕ ಬಂದಿತ್ತು.

ಆ ವಾರವೆಲ್ಲ ಅವನು ಗುಡ್ಡ ಅಗೆದ. ಗುಡ್ಡ ಅಗೆದವರಿಗೆ ಕಡೆಗೆ ಇಲಿಯಾದರೂ ಸಿಗುತ್ತದೆ. ಇಲಿಗಳ ರಾಯನಿಗೆ ಅದೂ ಸಿಗಲಿಲ್ಲ. ಅವಳ ನಡಿಗೆಯನ್ನು ನೆನೆಸಿಕೊಂಡರೆ ನೆಲ ನಡುಗುವ ನಡಿಗೆ ಬರುತ್ತಿತ್ತು, ಅದು ಅವನೇ ಹುಟ್ಟಿಸಿದ್ದು. ಅವಳ ಸಿಟ್ಟನ್ನು ನೆನೆಸಿಕೊಂಡರೆ ಹಾಲು ತಾನಾಗಿ ಉಕ್ಕುವ ಸಿಟ್ಟು ಬರುತ್ತಿತ್ತು, ಅದೂ ಅವನದೇ. ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ಅವನೇ ಬಂದು ಬಾಗಿಲು ತೆರೆಯುತ್ತಿದ್ದ.

ಅದೇ ವಾರ ನೆಲಮಾಳಿಗೆಯಲ್ಲಿ ಡಾಕ್ಟರಮ್ಮನ ಪ್ರಯೋಗ ಕೊನೆಯ ಹಂತಕ್ಕೆ ಬಂದಿತ್ತು. ಡಾಕ್ಟರಮ್ಮನೆಂದರೆ ರೋಗಿಗಳನ್ನು ನೋಡುವ ಡಾಕ್ಟರಲ್ಲ, ನೆನಪು ಮಿದುಳಿನಲ್ಲಿ ಹೇಗೆ ಗಟ್ಟಿಯಾಗುತ್ತದೆಂದು ಹುಡುಕುವವಳು. ಇಲಿಯನ್ನು ಒಂದು ಪೆಟ್ಟಿಗೆಯಲ್ಲಿ ಬಿಟ್ಟು ಗಂಟೆ ಬಾರಿಸುವುದು, ಗಂಟೆಯ ಬೆನ್ನಿಗೆ ನೆಲದಿಂದ ಪಾದಕ್ಕೆ ಸಣ್ಣದೊಂದು ಶಾಕ್ ಕೊಡುವುದು. ಮಾರನೆಯ ದಿನ ಬರಿ ಗಂಟೆ ಕೇಳಿದರೆ ಸಾಕು, ಇಲಿ ಕಲ್ಲಾಗಿ ಕೂರುತ್ತದೆ. ಡಾಕ್ಟರಮ್ಮ ಆ ಇಲಿಗಳನ್ನು ಎರಡು ಗುಂಪು ಮಾಡಿದ್ದಳು. ಎರಡಕ್ಕೂ ಮಿದುಳಿಗೆ ಒಂದೇ ಔಷಧಿ. ಒಂದು ಗುಂಪಿಗೆ ಮಾತ್ರ ಔಷಧಿಗೆ ಮುಂಚೆ ಒಮ್ಮೆ ಗಂಟೆ ಬಾರಿಸಿ ಹಳೆಯ ಹೆದರಿಕೆಯನ್ನು ನೆನಪಿಸಿದ್ದಳು. ಮತ್ತೆ ಪರೀಕ್ಷೆ ಮಾಡಿದಾಗ, ನೆನಪಿಸದೆ ಬಿಟ್ಟ ಇಲಿಗಳು ಗಂಟೆಗೆ ಮುಂಚಿನಂತೆಯೇ ಕಲ್ಲಾದವು. ನೆನಪಿಸಿದ ಇಲಿಗಳು ಗಂಟೆ ಬಾರಿಸುತ್ತಿದ್ದರೂ ಕೂತು ಮೀಸೆ ತೊಳೆದುಕೊಳ್ಳುತ್ತಿದ್ದವು.

“ಔಷಧಿ ಎಲ್ಲಕ್ಕೂ ಹಾಕಿದ್ರಿ. ಇವು ಮಾತ್ರ ಯಾಕೆ ಮರೆತವು ಡಾಕ್ಟರಮ್ಮ?” ಎಂದು ಇಲಿರಾಯ ಪಂಜರ ಎತ್ತಿಕೊಳ್ಳುತ್ತ ಕೇಳಿದ.

ಡಾಕ್ಟರಮ್ಮನಿಗೆ ಅವತ್ತು ಸಂತೋಷ ಎಷ್ಟಿತ್ತೆಂದರೆ ಕೇಳುವವರು ಸಿಕ್ಕದಿದ್ದರೆ ಗೋಡೆಗಾದರೂ ಹೇಳುತ್ತಿದ್ದಳು. “ಕೂತ್ಕೊಳ್ಳಿ ರಾಯರೇ” ಎಂದಳು. “ಮಿದುಳಲ್ಲಿ ಒಂದು ನರಕೋಶ ಇನ್ನೊಂದರ ಪಕ್ಕ ಬಂದು ನಿಲ್ಲುತ್ತೆ, ಮುಟ್ಟಲ್ಲ. ನಡುವೆ ಕೂದಲಿಗಿಂತ ಸಣ್ಣ ಸಂದು.”

“ಹೊಸದಾಗಿ ಮದುವೆಯಾದವರ ಹಾಗೆ.”

“ಹಾಗೇ ಅನ್ಕೊಳ್ಳಿ. ಈ ಕಡೆಯಿಂದ ಗ್ಲುಟಮೇಟ್ ಅನ್ನೋ ವಸ್ತು ಚೆಲ್ಲುತ್ತೆ, ಬಾಗಿಲು ತಟ್ಟಿದ ಹಾಗೆ. ಆ ಕಡೆ ಇರೋ ಒಂದು ಬಗೆಯ ಬಾಗಿಲಿಗೆ ಮೆಗ್ನೀಸಿಯಂ ಬಿರಡೆ ಹಾಕಿರುತ್ತೆ. ಹೊರಗಿಂದ ಎಷ್ಟು ತಟ್ಟಿದ್ರೂ ಬಿಡಲ್ಲ. ಒಳಗಿನ ಕೋಶವೂ ಅದೇ ಹೊತ್ತಿಗೆ ಎಚ್ಚರವಾಗಿರಬೇಕು. ಹೊರಗೂ ಒಳಗೂ ಒಟ್ಟಿಗೆ ಆದರೆ ಮಾತ್ರ ಬಿರಡೆ ಹಾರುತ್ತೆ.”

“ಹಾರಿದ್ರೆ?”

“ಕ್ಯಾಲ್ಸಿಯಂ ನುಗ್ಗುತ್ತೆ. ಅದು ಹೋಗಿ ಒಳಗೆ ಒಂದು ಕಿಣ್ವನ ಎಬ್ಬಿಸುತ್ತೆ. ಅದು ಒಮ್ಮೆ ಎದ್ದರೆ ತನ್ನನ್ನ ತಾನೇ ತಟ್ಟಿಕೊಂಡು ಎಚ್ಚರವಾಗೇ ಇರುತ್ತೆ, ಕ್ಯಾಲ್ಸಿಯಂ ಹೋದ ಮೇಲೂ. ಗೋದಾಮಿಂದ ಇನ್ನೊಂದು ಬಗೆಯ ಬಾಗಿಲುಗಳನ್ನ ಹೊರಿಸಿಕೊಂಡು ಬಂದು ಗೋಡೆ ತುಂಬ ಕೂರಿಸುತ್ತೆ. ಮುಂದಿನ ಸಲ ಪಿಸುಗುಟ್ಟಿದ್ರೂ ಆ ಕಡೆ ಕೇಳುತ್ತೆ. ಆದರೆ ಅದು ಕೆಲವು ಗಂಟೆ ಮಾತ್ರ. ಕಾಯಂ ಆಗಬೇಕು ಅಂದ್ರೆ ಕೋಶ ಹೊಸ ಪ್ರೋಟೀನ್ ಮಾಡಿ ಎಲ್ಲಾನೂ ಬಿಗಿ ಮಾಡಬೇಕು. ಅಲ್ಲಿಗೆ ಗಂಟು ಬಿತ್ತು.”

“ಬಿದ್ದ ಗಂಟು ಇವಕ್ಕೆ ಹೇಗೆ ಬಿಚ್ಚಿತು?”

“ಅದೇ ರಾಯರೇ ಮಜಾ! ನೆನಪು ಅಂದ್ರೆ ಕಪಾಟಲ್ಲಿಟ್ಟ ಪಾತ್ರೆ ಅಲ್ಲ. ನೆನೆಸಿಕೊಂಡಾಗ ಗಂಟು ಸಡಿಲ ಆಗುತ್ತೆ. ಮತ್ತೆ ಹೊಸ ಪ್ರೋಟೀನ್ ಮಾಡಿ ಬಿಗೀಬೇಕು. ನಮ್ಮ ಔಷಧಿ ಆ ಪ್ರೋಟೀನ್ ಮಾಡೋದನ್ನ ನಿಲ್ಲಿಸುತ್ತೆ. ಗಂಟೆ ಬಾರಿಸಿ ನೆನಪಿಸಿದ ಇಲಿಗಳಲ್ಲಿ ಗಂಟು ಸಡಿಲವಾಗಿತ್ತು, ಮತ್ತೆ ಬಿಗಿಯೋಕೆ ಆಗಲಿಲ್ಲ. ಮುಟ್ಟದೆ ಬಿಟ್ಟವುಗಳದು ಹಾಗೇ ಭದ್ರವಾಗಿ ಉಳೀತು.”

ಇಲಿರಾಯ ಮೀಸೆ ತೊಳೆಯುತ್ತಿದ್ದ ಇಲಿಯನ್ನೇ ನೋಡುತ್ತಿದ್ದ. “ಸಡಿಲ ಆದಾಗ, ಔಷಧಿ ಬದಲು ಬೇರೆ ಏನಾದ್ರೂ ಒಳಗೆ ಬಿದ್ರೆ?”

“ಹಳೇದರ ಜೊತೆ ಅದೂ ಸೇರಿ ಗಂಟಾಗಬಹುದು. ಆಮೇಲೆ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಗೊತ್ತಾಗಲ್ಲ.”

“ಪ್ಯಾಂಟು ಬಿದ್ರೆ?”

“ಏನು?”

“ಏನಿಲ್ಲ.”

“ಆದ್ರೆ ರಾಯರೇ, ಇದು ಇಲಿ ಲೆಕ್ಕ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ಹೀಗೆ ಅನ್ನೋದಕ್ಕೆ ನಮ್ಮವರಲ್ಲೇ ಇನ್ನೂ ಜಗಳ ಇದೆ” ಎಂದು ಡಾಕ್ಟರಮ್ಮ ಹೇಳುವಾಗ ಇಲಿರಾಯ ಪಂಜರ ಎತ್ತಿಕೊಂಡು ಬಾಗಿಲಾಚೆ ಹೋಗಿದ್ದ. ಆ ಒಂದು ಮಾತು ಅವನ ಕಿವಿಗೆ ಬಿದ್ದಿದ್ದರೆ ಮುಂದಿನ ಫಜೀತಿ ಅರ್ಧ ಕಡಿಮೆಯಾಗುತ್ತಿತ್ತು.

ಅವನ ಲೆಕ್ಕ ಸರಳವಾಗಿತ್ತು. ಇಷ್ಟು ವರ್ಷ ದಿನಾ ಗಂಟೆ ಬಾರಿಸಿ, ಗಂಟು ಸಡಿಲಿಸಿ, ಒಳಗೆ ಬಸ್ಸು ತುರುಕಿ ಬಿಗಿದವನು ತಾನೇ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಇನ್ನು ಅವಳದು ಏನಾದರೂ ಚೂರು ಉಳಿದಿದ್ದರೆ ಅದನ್ನು ಮುಟ್ಟಬಾರದು. ನೆನೆಸಿಕೊಳ್ಳಲೇಬಾರದು.

ಸಂಜೆ ಮನೆಗೆ ಹೋದವನೇ, ಇಲಿಗಳ ಪಂಜರಕ್ಕೆ ಕತ್ತಲು ಮಾಡಲು ಹಾಕುವ ಕಪ್ಪು ಬಟ್ಟೆಯನ್ನು ಗೋಡೆಯ ಮೇಲಿದ್ದ ಅವಳ ಫೋಟೋಕ್ಕೆ ಹೊದಿಸಿದ. ಅವಳ ಬಾಚಣಿಗೆಯನ್ನು ಹಳೆ ಟ್ರಂಕಿನ ತಳಕ್ಕೆ ಸೇರಿಸಿದ. ಅವಳ ಜೊತೆ ನಡೆದಾಡಿದ ಬೀದಿ ಬಿಟ್ಟು ಊರೆಲ್ಲ ಸುತ್ತಿ ಕೆಲಸಕ್ಕೆ ಹೋಗತೊಡಗಿದ. ಒಮ್ಮೆ ಬಸ್ಸಿನಲ್ಲಿ ಹಿಂದಿನ ಸೀಟಿನವನು ಸೀನಿದ್ದಕ್ಕೆ ನಡುದಾರಿಯಲ್ಲೇ ಇಳಿದುಬಿಟ್ಟ. ಕಂಡಕ್ಟರು ತಲೆ ಕೆರೆದುಕೊಂಡ. ಅವತ್ತು ಮಾತ್ರ ಸೀನಿಗೆ ಬಸ್ಸು ನಿಂತದ್ದು ಸತ್ಯ.

ಚಹಾದ ಹೊತ್ತಿಗೆ ವಾಚ್‌ಮನ್ನು ಕೆಣಕಿದ. “ಏನ್ ರಾಯರೇ, ನಾಲಿಗೆ ಇಲಿ ಕಚ್ಕೊಂಡು ಹೋಯ್ತಾ? ಅತ್ತಿಗೆ ಕಥೆ ಇಲ್ಲದೆ ಚಹಾ ಗಂಟಲಲ್ಲಿ ಇಳಿಯಲ್ಲ.”

“ಅತ್ತಿಗೆ ಮಲಗಿದ್ದಾಳೆ. ಎಬ್ಬಿಸಬೇಡ.”

ವಾಚ್‌ಮನ್ನು ನಗಲು ಹೊರಟವನು ಅವನ ಮುಖ ನೋಡಿ ಲೋಟದೊಳಗೆ ಊದತೊಡಗಿದ.

ಮಗಳು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅಂಗಡಿಗೆ ರಜೆ ಇರಲಿಲ್ಲ, ಅರ್ಧ ದಿನ ಕೇಳಿಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟು ಗೋಡೆ ನೋಡಿದಳು. ಬಟ್ಟೆ ಎಳೆದಳು. ಬಟ್ಟೆಯ ಅಂಚಿನಲ್ಲಿದ್ದ ಮರದ ಹೊಟ್ಟು ಅವಳ ಕೂದಲ ಮೇಲೆ ಉದುರಿತು.

“ಇದೇನಪ್ಪ?”

“ಮತ್ತೆ ಹಾಕು ಪುಟ್ಟಿ, ನೋಡಬಾರದು.”

“ನೋಡಬಾರದಾ? ಒಂದು ನಿಜ ಹೇಳು ಅಂದಿದ್ದಕ್ಕೆ ಅಮ್ಮನ ಮುಖಾನೇ ಮುಚ್ಚಿಬಿಟ್ಟೆಯಾ? ಸತ್ತವಳಿಗೂ ಪಂಜರ ಮಾಡಿದೆಯಾ?”

ಅವನು ಹೇಳಿದ. ಗಂಟೆ, ಬಿರಡೆ, ಕ್ಯಾಲ್ಸಿಯಂ, ಗೋದಾಮು, ಎಲ್ಲ. ಜೀವಮಾನದಲ್ಲಿ ಒಮ್ಮೆ ಏನನ್ನೂ ಸೇರಿಸದೆ ಹೇಳಿದ, ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಬುರುಡೆಯಂತೆ ಕೇಳಿಸಿತು.

“ನಾನು ಇಲಿಯಲ್ಲ ಅಪ್ಪ” ಎಂದಳು. “ನಿನ್ನ ಹತ್ರ ಏನೂ ಇಲ್ಲ ಅಂದ್ರೆ ಇಲ್ಲ ಅಂತ ಹೇಳು. ನಾನೂ ಆಸೆ ಬಿಡ್ತೀನಿ. ಮಗುಗೂ ಅಜ್ಜಿ ಅಂದ್ರೆ ಒಂದು ಕಥೆ, ಅಷ್ಟೇ ಅಂತ ಹೇಳ್ತೀನಿ.”

ಅವನು ಹಿಂಬಾಗಿಲು ತೆಗೆದು ಹೊರಗೆ ಹೋಗಿ ನಿಂತ. ಪಕ್ಕದ ಮನೆಯವರ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದಿಷ್ಟು ಹೊತ್ತು ಅದನ್ನೇ ಕೇಳಿದ. ಒಳಗೆ ಸದ್ದಿಲ್ಲದ್ದು ನೋಡಿ ಹೊರಟೇ ಹೋದಳೇನೋ ಎಂದು ಅಡುಗೆಮನೆಯ ಕಿಟಕಿಯಿಂದ ಇಣುಕಿದ.

ಹೋಗಿರಲಿಲ್ಲ. ಅತ್ತು ಸುಸ್ತಾಗಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ದಿನಾ ಅಂಗಡಿಯಲ್ಲಿ ಕೂತೆದ್ದು ನೋಯುತ್ತಿದ್ದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಸುಮ್ಮನೆ ಹಿಡಿದುಕೊಂಡಿದ್ದಳು.

ಹೊರಗಿನಿಂದ ಯಾರೋ ತಟ್ಟಿದರು, ಒಳಗಿನಿಂದ ಯಾರೋ ಎದ್ದರು. ಬಿರಡೆ ಹಾರಿತು.

ಇಲಿರಾಯ ಕಿಟಕಿಯ ಸರಳು ಹಿಡಿದುಕೊಂಡ. ಒಳಗೆ ಹೋಗಲಿಲ್ಲ, ಅಲ್ಲಿಂದಲೇ ಹೇಳಿದ.

“ನಿಂಗೆ ಎರಡು ವರ್ಷ ಇರಬೇಕು. ಒಂದಿನ ನಾನು ಕೆಲಸದಿಂದ ಬೇಗ ಬಂದೆ. ಇಲ್ಲೇ ನಿಂತಿದ್ದೆ. ನಿಮ್ಮಮ್ಮ ನೀನು ಕೂತಿರೋ ಜಾಗದಲ್ಲೇ ಕೂತಿದ್ದಳು. ನೀನು ಅವಳ ಮುಂದೆ ಮಲಗಿದ್ದೆ. ನಿನ್ನ ಕಾಲುಗುರು ಕತ್ತರಿಸ್ತಾ ಇದ್ದಳು. ಎಚ್ಚರ ಇದ್ರೆ ನೀನು ಬಿಡ್ತಿರಲಿಲ್ಲ, ಅದಕ್ಕೆ ನಿದ್ದೆ ಬರಲಿ ಅಂತ ಕಾದಿದ್ದಳು.”

ಮಗಳು ತಲೆಯೆತ್ತಿದಳು.

“ಕತ್ತರಿಸಿ ಆಯ್ತು. ಕತ್ತರಿ ಪಕ್ಕಕ್ಕಿಟ್ಟಳು. ಆದ್ರೆ ನಿನ್ನ ಕಾಲು ಬಿಡಲಿಲ್ಲ. ಹಿಡ್ಕೊಂಡೇ ಕೂತಿದ್ದಳು.”

“ಆಮೇಲೆ?”

ನಾಲಿಗೆಗೆ ಎಲುಬಿಲ್ಲ, ಅದು ಆಗಲೇ ತಯಾರಾಗಿತ್ತು. ಹೊರಗೆ ಬಿಸಿಲು ಎಷ್ಟಿತ್ತೆಂದರೆ ಕಾಗೆಗಳು ಕಪ್ಪು ಕನ್ನಡಕ ಹಾಕಿಕೊಂಡಿದ್ದವು ಎಂಬ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಇಲಿರಾಯ ಅದನ್ನು ನುಂಗಿದ.

“ಆಮೇಲೇನಿಲ್ಲ. ನನ್ನನ್ನ ನೋಡಿದಳು. ತುಟಿ ಮೇಲೆ ಬೆರಳಿಟ್ಟಳು, ಸದ್ದು ಮಾಡಬೇಡಿ ಅಂತ. ನಾನು ಸುಮ್ಮನಾದೆ. ಅಷ್ಟೇ.”

“ಇದನ್ನ ಯಾಕಪ್ಪ ಯಾವತ್ತೂ ಹೇಳಲಿಲ್ಲ?”

“ನಗು ಬರೋದು ಏನಿತ್ತು ಅದರಲ್ಲಿ?” ಎಂದ. ಆಮೇಲೆ, “ಸುಮ್ಮನಿರಿ ಅಂದಿದ್ದಳಲ್ಲ” ಎಂದ.

ಮಗಳು ತನ್ನ ಪಾದವನ್ನು ನೋಡಿಕೊಂಡಳು, ಯಾರದೋ ಪಾದವನ್ನು ನೋಡಿದಂತೆ. ಮತ್ತೆ ಅವಳಿಗೆ ಅಳು ಬಂತು. ಇಲಿರಾಯನಿಗೂ ಬಂತು. ಅವನ ಕಣ್ಣೀರಿನಲ್ಲಿ ಹಡಗು ತೇಲಲಿಲ್ಲ, ಬೀದಿ ಮುಳುಗಲಿಲ್ಲ. ಒಂದೆರಡು ಹನಿ ಕಿಟಕಿಯ ತುಕ್ಕಿಗೆ ಬಿದ್ದು ಅಲ್ಲೇ ಇಂಗಿದವು.

ಹೊರಡುವಾಗ ಅವಳು ಕಪ್ಪು ಬಟ್ಟೆಯನ್ನು ಮಡಿಸಿ ಅವನ ಕೈಗಿಟ್ಟಳು. “ಇಲಿಗಳಿಗೆ ವಾಪಸ್ ಕೊಡು” ಎಂದಳು. ಫೋಟೋದ ಗಾಜು ಒರೆಸಿದಳು. ಅವನು ಬಾಗಿಲವರೆಗೆ ಬಂದು ಹೇಳಿದ, “ಪುಟ್ಟಿ, ಇನ್ನು ಆ ನೆನಪು ನಿಂದು. ನನ್ನ ಹತ್ರ ಮತ್ತೆ ಮತ್ತೆ ಕೇಳಬೇಡ. ನನ್ನ ಕೈ ನೆಟ್ಟಗಿಲ್ಲ.”

ಅವತ್ತಿನಿಂದ ಚಹಾದ ಹೊತ್ತಿಗೆ ಸೀನಿನ ಕಥೆ ಮತ್ತೆ ಶುರುವಾಯಿತು. ಬಸ್ಸಿನ ಹಿಂದೆ ಒಂದು ರೈಲೂ ನಿಂತಿತು. ವಾಚ್‌ಮನ್ನಿನ ಚಹಾ ಗಂಟಲಲ್ಲಿ ಸರಾಗವಾಗಿ ಇಳಿಯಿತು. ಹೇಗಿದ್ದರೂ ಆ ಕಥೆಯಲ್ಲಿ ಅವಳಿರಲಿಲ್ಲ, ಏನು ತುರುಕಿದರೂ ಕೆಡುವುದೇನಿರಲಿಲ್ಲ. ಆದರೆ ನೆಲಮಾಳಿಗೆಯಲ್ಲಿ ಇಲಿಯನ್ನು ಎತ್ತಿ ಅದರ ಹಿಂಗಾಲಿನ ಉಗುರು ನೋಡುವಾಗ ಆ ಇನ್ನೊಂದು ನೆನಪು ಬಂದು ಬಾಗಿಲು ತಟ್ಟುತ್ತಿತ್ತು. ಇಲಿರಾಯ ತೆರೆಯುತ್ತಿರಲಿಲ್ಲ. ತೆರೆಯಬೇಕೆಂಬ ಆಸೆ ಹಸಿವಿನಂತೆ ಇರುತ್ತಿತ್ತು. ಇಲಿಯನ್ನು ಪಂಜರಕ್ಕೆ ಬಿಟ್ಟು, ತೂಕ ಬರೆದು, ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ.

ಕೆಲವು ದಿನ ಕಳೆದು ಅಂಗಡಿಯಿಂದ ಮಗಳ ಫೋನು ಬಂತು. ಹಿಂದೆ ಯಾವುದೋ ಮಗು ಬೂಟು ಬೇಡವೆಂದು ರಂಪ ಮಾಡುತ್ತಿತ್ತು.

“ಅಪ್ಪ, ಕೇಳಬೇಡ ಅಂದಿದ್ದೆ. ಒಂದೇ ಒಂದು ಕೇಳ್ತೀನಿ. ನಿನ್ನ ಮೊಮ್ಮಗಳು ಕೇಳ್ತಾ ಇದ್ದಾಳೆ. ಅಮ್ಮ ಹಿಡ್ಕೊಂಡಿದ್ದು ನನ್ನ ಯಾವ ಕಾಲು?”

ಇಲಿರಾಯ ಕಣ್ಣು ಮುಚ್ಚಿದ. ಅಡುಗೆಮನೆ ಇತ್ತು, ನೆಲ ಇತ್ತು, ಬೆರಳು ತುಟಿಯ ಮೇಲಿತ್ತು. ಅವಳ ಕೈಯೊಳಗೆ ಕಾಲು ಇತ್ತು. ಎಡಗಾಲು, ಎಂದಿತು ನಾಲಿಗೆ. ಎಡಗಾಲು, ಕಿರುಬೆರಳಿನ ಹತ್ತಿರ ಒಂದು ಸಣ್ಣ ಮಚ್ಚೆ. ಎಷ್ಟು ಚೆಂದದ ಮಚ್ಚೆ. ಮಗಳಿಗೆ ಕೊಟ್ಟರೆ ಅವಳು ಜೀವಮಾನವಿಡೀ ಇಟ್ಟುಕೊಳ್ಳುತ್ತಾಳೆ.

“ಗೊತ್ತಿಲ್ಲ ಪುಟ್ಟಿ” ಎಂದ.

ಆ ಕಡೆ ಮಗುವಿನ ರಂಪ ನಿಂತಿತು. ಬೂಟು ಹಿಡಿಸಿತೋ ಏನೋ.

“ಪರವಾಗಿಲ್ಲ ಅಪ್ಪ” ಎಂದಳು ಮಗಳು. ಫೋನನ್ನು ಇಬ್ಬರೂ ಇಡಲಿಲ್ಲ.